ಹೊಸ ಹೋರಿಗೆ ಹಣೆಯೇ ಇಲ್ಲ

ಕಾಕಾ,

ನಿನ್ನ ಮಾದೇವಿಯ ಶರಣು. ನೀನಿರುವ ಕಡೆ ರಸ್ತೆ ಹೇಗಿದೆಯೋ ಗೊತ್ತಿಲ್ಲ. ಇಲ್ಲಿ ಹಳಿಯಾಳ–ದಾಂಡೇಲಿ ರಸ್ತೆ ನೀನು ಬಿಟ್ಟುಹೋದ ಹಾಗೇ ಇದೆ, ತೇಪೆಯ ಮೇಲೆ ತೇಪೆ. ಆದರೆ ನಾನು ಪೆನ್ನು ಹಿಡಿದದ್ದು ರಸ್ತೆಯ ಸುದ್ದಿಗಲ್ಲ. ನೀನು ಕಾದು ಕಾದು, ನೋಡದೆಯೇ ಎದ್ದುಹೋದೆಯಲ್ಲ, ಆ ಹೊಸ ಹೋರಿ ಬಂತು. ಕಳೆದ ಭಾನುವಾರ ಕಣ್ಣಾರೆ ಕಂಡೆ, ಕೈಯಾರೆ ಓಡಿಸಿದೆ. ಹೇಗಿದೆ ಅಂತ ನೀನು ಕೇಳಿದರೆ ಒಂದೇ ಮಾತು ಹೇಳುತ್ತೇನೆ. ಹೇಸಿಗೆಯಾಯಿತು ಕಾಕಾ. ಉಳಿದದ್ದನ್ನು ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನೀನು ಹಳೆಯ ಹೋರಿಯನ್ನು ಮನೆಗೆ ತಂದ ದಿನ ಹಳಿಯಾಳದ ಪೇಟೆ ಬೀದಿಯೆಲ್ಲ ನಮ್ಮ ಅಂಗಡಿ ಮುಂದೆ ನಿಂತಿತ್ತು. ಗೋವಿನಜೋಳದ ವ್ಯಾಪಾರಿ ಗಾಡಿ ತರುತ್ತಾನೆ ಅಂದರೆ ಚೀಲ ಹೇರುವಂಥದ್ದೇನೋ ಬರುತ್ತದೆ ಅಂದುಕೊಂಡಿದ್ದರು. ನೀನು ತಂದದ್ದು ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳಗಿನ ನೀಲಿ ಕಾರು. ಅದರ ಓಟವೇ ಬೇರೆ, ಗುಟುರೇ ಬೇರೆ. ಕಂಪನಿಯವರು ಇಟ್ಟ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹೊರಳಲಿಲ್ಲ. ಹಬ್ಬದಲ್ಲಿ ಕೊಬ್ಬರಿ ಕಟ್ಟಿ ಬಿಟ್ಟ ಹೋರಿಯಂತೆ ನುಗ್ಗುತ್ತದೆ ಅಂತ ನೀನು ಅದನ್ನು ಹೋರಿ ಅಂತಲೇ ಕರೆದೆ. ನಿನ್ನ ಹೆಂಡತಿ, ನಮ್ಮ ಗಿರಿಜಾ ಕಾಕು, ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತು ನಿನ್ನ ಮುಖವನ್ನೊಮ್ಮೆ, ಕಾರಿನ ಮುಖವನ್ನೊಮ್ಮೆ ನೋಡಿ, "ಹೋರಿ ಅಲ್ಲ ಇದು, ನನ್ನ ಸವತಿ" ಅಂದಳು. ಹೋರಿ ಸವತಿಯಾಗುವುದು ಹೇಗೆ ಅಂತ ನೀನು ನಕ್ಕೆ. ಅವಳು ನಗಲಿಲ್ಲ. ಅಂದಿನಿಂದ ಅವಳ ಬಾಯಲ್ಲಿ ಅದು ಸವತಿಯೇ. ತವರೂರು ಮಳಗಿಗೆ ಹೊರಟಾಗಲೂ ಅಷ್ಟೇ, ನಿನ್ನ ಪಕ್ಕದ ಸೀಟಿನಲ್ಲಿ ಕೂತು, ಸೆರಗನ್ನು ಮುಖಕ್ಕೆ ಎಳೆದುಕೊಂಡು, ಊರು ದಾಟುವ ಮೊದಲೇ ನಿದ್ದೆ ಹೋಗಿಬಿಡುತ್ತಿದ್ದಳು.

ಸಾಂಬ್ರಾಣಿ ಊರಿನ ನಮ್ಮ ಹೊಲದ ಕಣದಲ್ಲಿ ನೀನು ನನಗೆ ಗಾಡಿ ಕಲಿಸಿದ್ದು ನೆನಪಿದೆಯೇ? ಹೆಣ್ಣುಹುಡುಗಿಗೆ ಯಾಕೆ ಇದೆಲ್ಲ ಅಂತ ಅಪ್ಪ ಗೊಣಗುತ್ತಿದ್ದ. ನೀನು ಅಣ್ಣನಿಗೆ ಎದುರಾಡದೆ, ಸುಮ್ಮನೆ ನನ್ನನ್ನು ಕೂರಿಸಿಕೊಂಡು ಹೋದೆ. ಮೊದಲ ದಿನವೇ ನೀನು ಮಾಡಿದ್ದೇನು? ವೇಗ ತೋರಿಸುವ ಮುಳ್ಳುಗಳ ಮೇಲೆ ಹಳೆ ಪೇಪರ್ ಅಂಟಿಸಿಬಿಟ್ಟೆ. "ಕಣ್ಣು ದಾರಿ ಮ್ಯಾಲ, ಕಿವಿ ಎಂಜಿನ್ ಮ್ಯಾಲ. ಗೇರು ಯಾವಾಗ ಬೇಕೋ ಅದ ಕೇಳ್ತೈತಿ, ನೀ ಕೊಡು" ಅಂದೆ. ಕಣದ ಸುತ್ತ ಗಾಣದೆತ್ತಿನ ಹಾಗೆ ಸುತ್ತಿದೆ. ನಾನು ತಪ್ಪಿದಾಗಲೆಲ್ಲ ಹೋರಿ ಕೆಮ್ಮುತ್ತಿತ್ತು, ನೀನು ಬೇರೆ ಕಡೆ ನೋಡುತ್ತಿದ್ದೆ. ಒಂದು ಸಂಜೆ ಕೆಮ್ಮಲಿಲ್ಲ. ಈಗ ದಾಂಡೇಲಿಯಲ್ಲಿ ನನ್ನದೇ ಡ್ರೈವಿಂಗ್ ಸ್ಕೂಲ್ ಇದೆಯಲ್ಲ, ಅಲ್ಲಿಯೂ ಮೊದಲ ದಿನ ಪೇಪರ್ ಅಂಟಿಸಿಯೇ ಕಲಿಸುತ್ತೇನೆ. ಕಾಗದ ಕಾರ್ಖಾನೆಯ ಕಾಲೊನಿಯಿಂದ ಬರುವ ಹೆಂಗಸರು ಇದೇನು ಹುಚ್ಚು ಅಂತ ಮೊದಲು ನಗುತ್ತಾರೆ, ಆಮೇಲೆ ಕಲಿಯುತ್ತಾರೆ.

ಪ್ರತಿ ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ನೀನು ಶೆಡ್ಡಿಗೆ ಹೋಗುತ್ತಿದ್ದೆ. ಊರಿನವರೆಲ್ಲ ಗಾಡಿಗೆ ಬಾನೆಟ್ಟಿನ ಮೇಲೆ ವಿಭೂತಿ ಬಳಿದು ಕೈ ಮುಗಿಯುತ್ತಾರೆ. ನೀನು ಹಾಗಲ್ಲ. ಬಾನೆಟ್ ಎತ್ತಿ, ಎಂಜಿನ್ನಿನ ತಲೆಯ ಮೇಲೆ ಮೂರು ಬೆರಳಿನಿಂದ ಎಳೆಯುತ್ತಿದ್ದೆ. "ಹಣಿ ಇಲ್ಲೈತಿ. ಮ್ಯಾಲಿಂದು ಬರೇ ತಗಡು" ಅನ್ನುತ್ತಿದ್ದೆ. ಆಮೇಲೆ ಗಾಡಿ ಚಾಲೂ ಮಾಡಿ, ಅಂಗೈ ಇಟ್ಟು, ವೈದ್ಯರು ನಾಡಿ ನೋಡುವ ಹಾಗೆ ಸ್ವಲ್ಪ ಹೊತ್ತು ಕಣ್ಣುಮುಚ್ಚಿ ನಿಲ್ಲುತ್ತಿದ್ದೆ. ಬಿಸಿಗೆ ಹಳೆ ಗೆರೆಗಳು ಕಂದಿ ಹೋಗುತ್ತಿದ್ದವು, ಅವುಗಳ ಮೇಲೆ ಹೊಸವು ಬೀಳುತ್ತಿದ್ದವು.

ಹೊಸ ಮಾದರಿ ಬರುತ್ತದೆ ಅಂತ ಸುದ್ದಿ ಹಬ್ಬಿದಾಗಿನ ನಿನ್ನ ಸಡಗರ ನೋಡಬೇಕಿತ್ತು. ಯಾರೋ ಕದ್ದು ತೆಗೆದ ಫೋಟೋ, ಮೈಮೇಲೆಲ್ಲ ಪಟ್ಟಾಪಟ್ಟಿ ಬಟ್ಟೆ ಹೊದಿಸಿದ ಕಾರು, ಅದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನನಗೆ ತೋರಿಸಿದೆ. ಬಂದ ಕೂಡಲೇ ನಾವಿಬ್ಬರೂ ಹೋಗಿ ನೋಡೋಣ, ನಮ್ಮ ಜೋಯಿಡಾ ಕಡೆಯ ರಾಮನಗರದ ತನಕ ಓಡಿಸಿ ಚಹಾ ಕುಡಿದು ಬರೋಣ ಅಂದಿದ್ದೆ. ಅಷ್ಟರಲ್ಲಿ ಅಂಗಡಿಯಲ್ಲಿ ಜೋಳ ಹಸಿಯೋ ಒಣಗಿದ್ದೋ ಅಂತ ಯಾರೊಂದಿಗೋ ವಾದ ಮಾಡುತ್ತ ಕೂತವನು, ಎದೆ ಹಿಡಿದುಕೊಂಡು ಹಾಗೇ… ವಾದ ಯಾರು ಗೆದ್ದರು ಅಂತ ಈವರೆಗೂ ಯಾರೂ ಹೇಳಲಿಲ್ಲ.

ನಿನ್ನ ಮಗ ಬಸವರಾಜ ಈ ಪ್ರಸ್ತಾಪ ತಂದದ್ದು ಶ್ರಾವಣದಲ್ಲಿ. ಅಂಗಡಿಯನ್ನು ಚೆನ್ನಾಗಿ ನಡೆಸುತ್ತಿದ್ದಾನೆ, ಅವನ ಮೇಲೆ ನನಗೆ ದೂರಿಲ್ಲ. ಹೋರಿಯ ಆರ್‌ಟಿಓ ಪಾಸಿಂಗ್ ಅವಧಿ ಮುಗಿಯುತ್ತ ಬಂದಿತ್ತು. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಸೋಡಿ ಸಿಗುತ್ತದೆ, ಕೊಟ್ಟ ಹಳೆ ಗಾಡಿ ಮಾತ್ರ ನೇರ ಗುಜರಿಗೆ, ಅಲ್ಲಿ ಯಂತ್ರದ ಬಾಯಿಗೆ. ಕಾಕು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಮಾದೇವಿ ಹೋಗಿ ನೋಡಿ ಬರ್ಲಿ. ಅಕಿ ಛಲೋ ಐತಿ ಅಂದ್ರ ಕೊಟ್ಟ ಬಿಡೂಣು" ಅಂದಳು. ನಿನ್ನ ಹೋರಿಯ ಕುತ್ತಿಗೆ ನನ್ನ ನಾಲಿಗೆಯ ಮೇಲೆ ಬಂತು. ಆದರೂ ನಿಜ ಹೇಳುತ್ತೇನೆ ಕಾಕಾ, ನಾನು ಹೋದದ್ದು ಮೆಚ್ಚಬೇಕು ಅಂತಲೇ. ನೀನು ಅಷ್ಟು ಆಸೆಪಟ್ಟದ್ದು ಚೆನ್ನಾಗಿಯೇ ಇರುತ್ತದೆ ಅಂತ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟುಕೊಂಡು, ಪರ್ಸಿನಲ್ಲಿ ವಿಭೂತಿ ಗಟ್ಟಿ ಇಟ್ಟುಕೊಂಡು ಹೋದೆ.

ದಾಂಡೇಲಿಯ ಹೊರಗೆ ಕಾಳಿ ದಂಡೆಯ ಒಂದು ರಿಸಾರ್ಟಿನಲ್ಲಿ ಅದನ್ನು ತೋರಿಸುವ ಕಾರ್ಯಕ್ರಮ. ಹಳೆ ಗಾಡಿ ಇದ್ದವರನ್ನೆಲ್ಲ ಕರೆದಿದ್ದರು. ಕಪ್ಪು ಬಟ್ಟೆ ಹೊದಿಸಿ ನಿಲ್ಲಿಸಿದ್ದರು, ಸುತ್ತ ಯಂತ್ರದ ಹೊಗೆ, ಎದೆ ಗುದ್ದುವ ಸಂಗೀತ. ಮರದ ಮೇಲಿದ್ದ ಮಂಗಟ್ಟೆ ಹಕ್ಕಿಗಳು ಬೈದುಕೊಂಡು ನದಿಯಾಚೆ ಹಾರಿದವು. ಬಟ್ಟೆ ಸರಿಯಿತು. ನನ್ನ ಕಣ್ಣು ನಮ್ಮ ಹೋರಿಯ ಎತ್ತರದಲ್ಲಿ ಹುಡುಕುತ್ತಿತ್ತು, ಅಲ್ಲಿ ಕಂಡದ್ದು ಬರೀ ಬಂಪರ್. ಮುಖ ಮೇಲಿತ್ತು. ಕುಳ್ಳಗೆ ನೆಲ ಕಚ್ಚಿ ನಿಲ್ಲುತ್ತಿದ್ದ ಗಾಡಿಯನ್ನು ಜೀಪಿನಷ್ಟು ಎತ್ತರ ಮಾಡಿದ್ದಾರೆ. ಮುಂದೆ ಕದ ಕಿತ್ತ ಬಾಗಿಲಿನಷ್ಟು ಅಗಲ ಬಾಯಿ, ಅದರ ಮೇಲೆ ಸೊಳ್ಳೆ ಕಚ್ಚಿ ಊದಿದಂಥ ಸಣ್ಣ ಕಣ್ಣು. ನನ್ನ ಅಕ್ಕಪಕ್ಕದವರೆಲ್ಲ ಚಪ್ಪಾಳೆ ತಟ್ಟಿದರು. ಇವರಿಗೆ ನಿಜವಾಗಿ ಸೇರಿತೇ, ಅಥವಾ ಊಟದ ಹಂಗೇ?

ಗಾಡಿಯ ಮಗ್ಗುಲಿಗೆ ಗಾಳಿ ಹೋಗಲು ಮಾಡಿದಂಥ ರಂಧ್ರಗಳಿದ್ದವು. ನೀನು ಕಲಿಸಿದ ಚಾಳಿ, ಬೆರಳು ಹಾಕಿದೆ. ಬೆರಳು ಅರ್ಧಕ್ಕೇ ನಿಂತಿತು, ಒಳಗೆ ಪ್ಲಾಸ್ಟಿಕ್ಕು, ದಾರಿಯೇ ಇಲ್ಲ. ಹಿಂದೆ ಹೋಗಿ ಬಗ್ಗಿದೆ. ಹೊಗೆ ಬಿಡುವ ಕೊಳವೆ ಎರಡು ಕಡೆ ಫಳಫಳ ಹೊಳೆಯುತ್ತಿತ್ತು, ಅದೂ ಸುಳ್ಳು. ನಿಜವಾದದ್ದು ಕೆಳಗೆ ಎಲ್ಲೋ ನಾಚಿಕೊಂಡು ನೆಲ ನೋಡುತ್ತಿತ್ತು. ಮೇಲೆ ಥಳಕು, ಒಳಗೆ ಹುಳುಕು ಅಂತಾರಲ್ಲ, ಇಲ್ಲಿ ಹುಳುಕಾದರೂ ಎಲ್ಲಿದೆ ಕಾಕಾ, ಒಳಗೆ ಏನೂ ಇಲ್ಲ. ಶೋರೂಮಿನ ಕಿರಣ ಅಂತ ಧಾರವಾಡದ ಹುಡುಗ ನನಗೆ ತೋರಿಸುವ ಕೆಲಸಕ್ಕೆ ನಿಂತಿದ್ದ, ಸಭ್ಯಸ್ಥ. ಅವನು ಬೆರಳಿನ ಗುರುತು ಮೂಡುತ್ತದೆ, ಮುಟ್ಟಬೇಡಿ ಅಂದ. ಮುಟ್ಟದೆ ಗಾಡಿ ನೋಡುವುದು ಹೇಗೆ? ಎಮ್ಮೆ ಕೊಳ್ಳುವವನಿಗೆ ಕೆಚ್ಚಲು ಮುಟ್ಟಬೇಡ ಅಂದ ಹಾಗಾಯಿತು.

ನಿನ್ನ ಸೋಮವಾರಗಳನ್ನು ನೆನೆದು ನಾನು ಪರ್ಸಿನಿಂದ ವಿಭೂತಿ ತೆಗೆದು, ಬಾನೆಟ್ ಎತ್ತಪ್ಪ ಅಂದೆ. ಆ ಹುಡುಗನ ಮುಖ ಸಣ್ಣದಾಯಿತು.

"ತಗಿಯಾಕ ಬರಂಗಿಲ್ರಿ ಮೇಡಂ. ಸರ್ವಿಸ್ ಸೆಂಟರ್‌ನ್ಯಾಗ ಅಷ್ಟ ತಗೀತಾರ್ರಿ."

"ಮತ್ತ ವಿಭೂತಿ ಎಲ್ಲಿ ಹಚ್ಚೂದು?"

"ಅದಕ್ಕೂ ವ್ಯವಸ್ಥಾ ಐತ್ರಿ" ಅಂತ ಅವನು ಖುಷಿಯಿಂದ ನನ್ನನ್ನು ಒಳಗೆ ಕೂರಿಸಿದ. ಮದುವೆ ಮನೆಯ ಟಿವಿಯಷ್ಟು ದೊಡ್ಡ ಪರದೆ. ಅದರ ಮೇಲೆ ಎಲ್ಲೋ ಒತ್ತಿದ. ಪರದೆಯಲ್ಲಿ ದೀಪ ಉರಿಯಿತು, ಗಂಟೆ ಬಾರಿಸಿತು, ಮೇಲಿಂದ ಹೂವು ಉದುರಿದವು. ಇದು ಪೂಜೆಯ ಮೋಡ್ ಅಂತೆ. ಕೈ ಮಸಿಯಾಗುವುದಿಲ್ಲ, ಬೂದಿ ಚೆಲ್ಲುವುದಿಲ್ಲ. ಥೂ! ನಾನು ವಿಭೂತಿಯನ್ನು ಪರ್ಸಿಗೆ ವಾಪಸು ಹಾಕಿದೆ. ಅಷ್ಟು ದೊಡ್ಡ ಗಾಡಿಯಲ್ಲಿ ಮೂರು ಬೆರಳಿಡುವಷ್ಟು ಹಣೆ ಇರಲಿಲ್ಲ.

ಗಣೇಶಗುಡಿಯ ಏರಿನಲ್ಲಿ ನೀನು ಹೋರಿಯನ್ನು ಹೇಗೆ ಹಾಡಿಸುತ್ತಿದ್ದೆ! ಜೋಯಿಡಾ ಕಡೆ ಹೋದಾಗಲೆಲ್ಲ ಅಲ್ಲಿ ಕಿಟಕಿ ಇಳಿಸು ಅನ್ನುತ್ತಿದ್ದೆ. ಅದಕ್ಕೇ ನಾನು ಓಡಿಸಿ ನೋಡುವುದಾದರೆ ಆ ಏರಿನಲ್ಲೇ ಅಂದೆ. ಕಿರಣ ಪಕ್ಕದಲ್ಲಿ ಕೂತ. ಬಲ ಇದೆ ಕಾಕಾ, ಸುಳ್ಳು ಯಾಕೆ ಹೇಳಲಿ, ನಮ್ಮ ಹೋರಿಗಿಂತ ಹೆಚ್ಚೇ ಇದೆ. ಆದರೆ ಆ ಬಲ ಯಾರದು ಅಂತಲೇ ತಿಳಿಯುವುದಿಲ್ಲ. ಗೇರು ಇಲ್ಲ, ಕ್ಲಚ್ ಇಲ್ಲ, ಸದ್ದಿಲ್ಲ. ತಿರುವಿನಲ್ಲಿ ನಾನು ತಿರುಗಿಸುವ ಮೊದಲೇ ಸ್ಟೇರಿಂಗ್ ತಾನೇ ತಿರುಗಿ ನನ್ನ ಕೈಯನ್ನು ಜಗ್ಗಿತು. ಊರಿಗೆಲ್ಲ ಗಾಡಿ ಕಲಿಸುವವಳಿಗೆ ಅದು ಕಲಿಸಲು ಬಂತು. ಇಷ್ಟು ಸುಮ್ಮನಿದ್ದರೆ ಹೇಗೆ ಅಂತ ನಾನು ಗೊಣಗಿದ್ದಕ್ಕೆ ಕಿರಣ, ಹಳೆ ಗಾಡಿಯವರಿಗಾಗಿಯೇ ಒಂದು ವಿಶೇಷ ಇದೆ ಅಂತ ಮತ್ತೆ ಪರದೆ ಒತ್ತಿದ.

ಹೋರಿ ಗುಟುರು ಹಾಕಿತು.

ಹೌದು ಕಾಕಾ, ನಮ್ಮ ಹೋರಿಯದೇ ದನಿ. ಎರಡನೇ ಗೇರಿನಲ್ಲಿ ಏರು ಹತ್ತುವಾಗಿನ ಆ ಬಿಗಿದ ದನಿ, ಮೂರನೆಯದು ಕೊಡು ಕೊಡು ಅನ್ನುವ ಹಾಗೆ ಏರುತ್ತ ಏರುತ್ತ… ನನ್ನ ಎಡಗೈ ಗೇರಿಗೆ ಹೋಯಿತು, ಎಡಗಾಲು ಕ್ಲಚ್ ಅಂತ ಬಲವಾಗಿ ಒತ್ತಿತು. ಅಲ್ಲಿ ಇದ್ದದ್ದು ಬ್ರೇಕು. ಗಾಡಿ ಏರಿನ ನಡುವೆ ಮೂಗು ನೆಲಕ್ಕೆ ಕುಕ್ಕಿ ನಿಂತಿತು, ಕಿರಣನ ಕೈಯಲ್ಲಿದ್ದ ಟ್ಯಾಬ್ ಹಾರಿ ಗಾಜಿಗೆ ಬಡಿಯಿತು, ಹಿಂದೆ ಬರುತ್ತಿದ್ದ ಸಫಾರಿ ಜೀಪಿನವನು ಕೊಂಕಣಿಯಲ್ಲಿ ನನ್ನ ವಂಶವನ್ನೆಲ್ಲ ನೆನೆದ. ಪುಣ್ಯ, ಯಾರಿಗೂ ಏನೂ ಆಗಲಿಲ್ಲ.

ಹಳೆ ಗಾಡಿಯ ಸದ್ದನ್ನು ರೆಕಾರ್ಡ್ ಮಾಡಿ ಇದರ ಬಾಗಿಲಲ್ಲಿರುವ ಸ್ಪೀಕರಿಗೆ ತುಂಬಿದ್ದಾರಂತೆ. ಇಲ್ಲದ ಗೇರು ಬದಲಾದ ಹಾಗೆ ಆಗಾಗ ಸದ್ದು ಕೂಡ ಮಾಡುತ್ತದಂತೆ. ಮೊದಲು ನನಗೆ ನಾಚಿಕೆಯಾಯಿತು. ನಾನು, ಡ್ರೈವಿಂಗ್ ಸ್ಕೂಲಿನ ಮಾದೇವಿ, ಕಾಲು ತಪ್ಪಿದೆ. ಆಮೇಲೆ ಬಂದದ್ದು ಅಸಹ್ಯ. ನನ್ನ ಕಾಲು ತಪ್ಪಿರಲಿಲ್ಲ ಕಾಕಾ. ಅದು ನೀನು ಕಲಿಸಿದ್ದನ್ನೇ ಮಾಡಿತ್ತು, ದನಿ ಕೇಳಿತು, ಗೇರು ಕೊಡಲು ಹೋಯಿತು. ತಪ್ಪಿದ್ದು ಆ ದನಿ. ಮನೆಯವರ ದನಿಯಲ್ಲಿ ಕರೆದು ಕದ ತೆಗೆಸುವ ಕಳ್ಳರ ಕತೆ ಹೇಳುತ್ತಿದ್ದೆಯಲ್ಲ, ಇದು ಅದೇ ಜಾತಿ. ನಮ್ಮ ಹೋರಿಯನ್ನು ಯಂತ್ರದ ಬಾಯಿಗೆ ಹಾಕಿ, ಅದರ ಗುಟುರನ್ನು ನಮಗೇ ತಿರುಗಿ ಮಾರುವುದು! ಸದ್ದು ಬಂದ್ ಮಾಡಲೇ ಅಂತ ಕಿರಣ ಮೆಲ್ಲಗೆ ಕೇಳಿದ. ಮಾಡು ಅಂದೆ. ಮಾಡಿದ ಮೇಲೆ ಆ ಮೌನದಲ್ಲಿ ನನಗೆ ಅಳು ಬಂತು. ನಿನ್ನನ್ನು ಮಣ್ಣು ಮಾಡಿ ಬಂದ ದಿನವೂ ಅಷ್ಟು ಅತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಹಳಿಯಾಳಕ್ಕೆ ಹೋದೆ. ಕಾಕು ಪಡಸಾಲೆಯಲ್ಲಿ ಮೊರದ ಮುಂದೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು, ಬಸವರಾಜ ಊಟಕ್ಕೆ ಬಂದಿದ್ದ. ಎತ್ತರ, ಬಾಯಿ, ಸುಳ್ಳು ಕೊಳವೆ, ಗಂಟೆ, ಗುಟುರು ಎಲ್ಲ ಹೇಳಿದೆ. ಬಸವರಾಜ ತಟ್ಟೆಯಿಂದ ಕೈ ತೆಗೆದು ಕೇಳಿದ ಮಾತು ಮಾತ್ರ ನೆಟ್ಟಗೆ ನಾಟಿತು.

"ಅಪ್ಪಗ ಅದ ಬೇಕಾಗಿತ್ತಲ್ಲ ಅಕ್ಕಾ. ನೀ ಬ್ಯಾಡ ಅಂದ್ರ ಅಪ್ಪನ ಆಸೆಗೇ ಬ್ಯಾಡ ಅಂದಂಗ."

ನೀನಿದ್ದಿದ್ದರೆ ಇದನ್ನು ನೋಡಿ ಏನನ್ನುತ್ತಿದ್ದೆ? ಕಾಲ ಹೀಗೇ ಅಂತ ನಕ್ಕುಬಿಡುತ್ತಿದ್ದೆಯೋ, ಪೂಜೆಯ ಮೋಡಿಗೆ ಕೈ ಮುಗಿಯುತ್ತಿದ್ದೆಯೋ… ಆಗ ಕಾಕು ಮೊರ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದಳು.

"ಅದಕ ಹಣಿ ಎಲ್ಲೈತಿ?"

"ಇಲ್ಲ ಕಾಕು. ತಗಿಯಾಕ ಬರಂಗಿಲ್ಲ."

ಅವಳು ಎದ್ದಳು. ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ತೆಗೆದುಕೊಂಡು ಶೆಡ್ಡಿನ ಕಡೆ ನಡೆದಳು, ನಾವಿಬ್ಬರೂ ಹಿಂದೆ. ಹೋರಿಯ ಮೇಲೆ ಧೂಳಿರಲಿಲ್ಲ. ಕಾಕು ಬಾಗಿಲು ತೆಗೆದು, ಒಳಗಿನ ಬಾನೆಟ್ಟಿನ ಹಿಡಿ ಎಳೆದು, ಮುಂದೆ ಬಂದು ಬಾನೆಟ್ ಎತ್ತಿ ಕೋಲು ಕೊಟ್ಟಳು. ಯಾರನ್ನೂ ಕೇಳಲಿಲ್ಲ, ಎಲ್ಲೂ ತಡವರಿಸಲಿಲ್ಲ. ಎಂಜಿನ್ನಿನ ತಲೆಯ ಮೇಲೆ, ನಿನ್ನ ಕಂದಿದ ಗೆರೆಗಳ ಮೇಲೆ, ಮೂರು ಬಿಳಿ ಗೆರೆ. ಅವತ್ತು ಬೆಳಿಗ್ಗೆಯವು. ಅವತ್ತು ಸೋಮವಾರ ಕಾಕಾ. ನಿನ್ನ ಗೆರೆಗಳಿಗಿಂತ ಸಣ್ಣವು, ಬಳೆಯ ಕೈಯವು.

ನೀನು ಹೋದಾಗಿನಿಂದ ಹೋರಿಯ ಬ್ಯಾಟರಿ ಯಾಕೆ ಸಾಯಲಿಲ್ಲ ಅಂತ ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಬಸವರಾಜ ಚಾಲೂ ಮಾಡುತ್ತಾನೆ ಅಂತ ನಾನು, ನಾನು ಬಂದಾಗ ಮಾಡುತ್ತೇನೆ ಅಂತ ಅವನು ಅಂದುಕೊಂಡಿದ್ದೆವು. ಸೋಮವಾರ ಬೆಳಿಗ್ಗೆ ಅವನು ಮಾರುಕಟ್ಟೆಯಲ್ಲಿರುತ್ತಾನೆ. ಆ ಹೊತ್ತಿಗೆ ಕಾಕು ಸ್ನಾನ ಮುಗಿಸಿ ಬಂದು, ಸವತಿಯ ಹಣೆಗೆ ವಿಭೂತಿ ಇಟ್ಟು, ಚಾಲೂ ಮಾಡಿ, ಅಂಗೈ ಇಟ್ಟು ನಿಲ್ಲುತ್ತಿದ್ದಳಂತೆ. ನಮ್ಮೆದುರು ಕೀಲಿ ತಿರುಗಿಸಿದಳು. ಒಂದೇ ಗುಟುರಿಗೆ ಎದ್ದಿತು. ಶೆಡ್ಡಿನ ತಗಡು ನಡುಗಿತು, ನನ್ನ ಪಾದದ ಕೆಳಗೆ ನೆಲ ನಡುಗಿತು. ಬಸವರಾಜ ಅಮ್ಮನ ಕಡೆ ತಿರುಗಿ "ಪಾಸಿಂಗ್ ಮಾಡ್ಸೂಣು ಬಿಡು" ಅಂದ.

ಕಿರಣ ನಿನ್ನೆ ಫೋನ್ ಮಾಡಿದ್ದ. ಗಾಡಿ ಹೇಗನಿಸಿತು, ಎಷ್ಟು ಸ್ಟಾರ್ ಕೊಡುತ್ತೀರಿ ಅಂತ ಕೇಳಿದ. ಅವನ ಹೊಟ್ಟೆಪಾಡು, ಅವನ ಮೇಲೆ ಯಾಕೆ ಹರಿಹಾಯಲಿ? ನಿನ್ನ ನಡತೆಗೆ ಪೂರ್ತಿ ಕೊಟ್ಟಿದ್ದೇನೆ ಬರಕೋ ಅಂದೆ. ಗಾಡಿಗೆ ಎಷ್ಟು ಅಂದ. "ಆ ಹಳೇ ದನಿ ತಗದ ಬಿಡ್ರಿ. ಅದು ನಿಮ್ದಲ್ಲ" ಅಂದೆ. ಮೇಲಿನವರಿಗೆ ತಿಳಿಸುತ್ತೇನೆ ಅಂದ. ತಿಳಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಇನ್ನಷ್ಟು ಜನ ಚಪ್ಪಾಳೆ ತಟ್ಟುತ್ತಾರೆ. ನನ್ನ ಹೇಸಿಗೆ ಇನ್ನೂ ಇಳಿದಿಲ್ಲ.

ಈಗ ನೀನು ಕೇಳದ ಸುದ್ದಿ. ಇವತ್ತು ಬೆಳಿಗ್ಗೆ ಕಾಕು ತಾನಾಗಿ, ಸಾಂಬ್ರಾಣಿ ಕಣಕ್ಕೆ ಕರಕೊಂಡು ಹೋಗು ಅಂದಳು. ಕಣದಲ್ಲಿ ಇಳಿದು, ಗಾಡಿ ಸುತ್ತಿ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿನ್ನ ಸೀಟಿನಲ್ಲಿ ಕೂತಳು. ನಾನು ರೂಢಿಯಂತೆ ಮುಳ್ಳುಗಳ ಮೇಲೆ ಪೇಪರ್ ಅಂಟಿಸಿ, ಕ್ಲಚ್ಚು, ಬ್ರೇಕು, ಯಾವುದು ಯಾವ ಕಾಲಿಗೆ ಅಂತ ಹೇಳಿಕೊಟ್ಟೆ. ಮೊದಲಿಗೆ ಎರಡು ಮೂರು ಸಲ ಹೋರಿ ಕೆಮ್ಮಿತು, ನಾನು ಬೇರೆ ಕಡೆ ನೋಡಿದೆ. ಆಮೇಲೆ ಹೊರಟಿತು. ದನಿ ಬಿಗಿಯಿತು, ಏರಿತು, ಇನ್ನು ಎರಡನೆಯದು ಕೊಡು ಅಂತ ನಾನು ಬಾಯಿ ತೆಗೆಯುವಷ್ಟರಲ್ಲಿ ಕೊಟ್ಟಾಗಿತ್ತು. ಸರಿಯಾದ ಹೊತ್ತಿಗೆ, ನೀನು ಕೊಡುತ್ತಿದ್ದ ಹೊತ್ತಿಗೇ. ನನ್ನ ಸ್ಕೂಲಿನಲ್ಲಿ ಮೊದಲ ದಿನ ಹಾಗೆ ಕೊಟ್ಟವರನ್ನು ನಾನು ಕಂಡಿಲ್ಲ. ಇದು ನಿನಗೆ ಹೇಗೆ ಬಂತು ಕಾಕು ಅಂದೆ.

ಅವಳು ದಾರಿಯಿಂದ ಕಣ್ಣು ತೆಗೆಯಲಿಲ್ಲ.

"ಇಷ್ಟ ವರ್ಷ ಅವರ ಮಗ್ಗಲಕ್ಕ ಕುಂತು ನಾ ಖರೇನ ನಿದ್ದಿ ಮಾಡೀನಿ ಅಂತ ತಿಳ್ಕೊಂಡಿ ಏನು?"

ಕಾಕಾ, ಸೆರಗಿನ ಒಳಗೆ ಅವಳು ಕಿವಿಗೊಟ್ಟು ಕೂತಿರುತ್ತಿದ್ದಳು. ಮಳಗಿಗೆ ಹೋಗುವಾಗ, ಬರುವಾಗ, ಪ್ರತಿ ಏರಿನಲ್ಲೂ. ಮುಂದಿನ ಯುಗಾದಿಗೆ ತವರಿಗೆ ತಾನೇ ಓಡಿಸಿಕೊಂಡು ಹೋಗುತ್ತಾಳಂತೆ. ನಾನು ಪಕ್ಕದಲ್ಲಿ ಕೂರಬಹುದು, ಆದರೆ ಬಾಯಿ ಬಿಡಬಾರದು, ಬೇಕಾದರೆ ಸೆರಗು ಹೊದ್ದು ಮಲಗು ಅಂದಿದ್ದಾಳೆ. ಕಣದಿಂದ ವಾಪಸು ಬಂದು ಗಾಡಿ ನಿಲ್ಲಿಸಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ನಿನಗೆ ಕಾಗದ ಬರೆಯುವೆನೆಂದು ನಾನು ಹೇಳಿದ್ದು ನೆನಪಾಗಿ, ಇಷ್ಟು ಹೇಳಿದಳು:

"ಬರಿ ಅವರಿಗೆ. ಸವತಿ ಈಗ ನನ್ನ ಮಾತ ಕೇಳ್ತಾಳ ಅಂತ."